ತರಬೇತಿ ಮುಗಿದ ಮೇಲೆ ಉಳಿಯುವುದೇನು

ಸಮುದಾಯ ಸಂಘಟನೆಗಳ ಸಾಮರ್ಥ್ಯವರ್ಧನೆಯ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ ನಾನು ಲೆಕ್ಕಪತ್ರ ನಿರ್ವಹಣೆಯ ಕುರಿತು ಎರಡು ದಿನಗಳ ಶಿಬಿರ ನಡೆಸಿ, ಕೊನೆಗೆ ತುಂಬಿಸಿಕೊಂಡ ಅಭಿಪ್ರಾಯ ಪತ್ರಗಳಲ್ಲಿ ‘ಬಹಳ ಉಪಯುಕ್ತ’ ಎಂದಿದ್ದರೆ ಉದ್ದೇಶ ಈಡೇರಿತೆಂದು ವರದಿ ಬರೆಯುತ್ತಿದ್ದೆ. ತರಬೇತಿಯನ್ನು ಅಳೆಯಲು ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಹಂತಗಳನ್ನು ಸೂಚಿಸಿದ್ದರು: ಪ್ರತಿಕ್ರಿಯೆ, ಕಲಿಕೆ, ಕೆಲಸದಲ್ಲಿನ ನಡವಳಿಕೆ, ಫಲಿತಾಂಶ. ನಾನು ನೋಡುತ್ತಿದ್ದುದು ಮೊದಲನೆಯದನ್ನು ಮಾತ್ರ.

ಆರು ತಿಂಗಳ ಬಳಿಕ ಒಂದು ಸಂಘಕ್ಕೆ ಮತ್ತೆ ಹೋದಾಗ ನಗದು ಪುಸ್ತಕದಲ್ಲಿ ಎರಡು ತಿಂಗಳಿನಿಂದ ಒಂದು ನಮೂದೂ ಇರಲಿಲ್ಲ. ತರಬೇತಿ ಪಡೆದಿದ್ದ ಕಾರ್ಯಕರ್ತೆ ಬೇರೆ ಕೆಲಸಕ್ಕೆ ಸೇರಿದ್ದರು. ಅವರು ಕಲಿತದ್ದೂ ಅವರೊಂದಿಗೇ ಹೋಗಿತ್ತು. ಇನ್ನೂ ನೋವಾದ ಸಂಗತಿಯೆಂದರೆ, ಅವರು ಇದ್ದಾಗಲೂ ಪಾಸ್‌ಬುಕ್ ಅಧ್ಯಕ್ಷರ ಬಳಿಯೇ ಇರುತ್ತಿದ್ದುದರಿಂದ ಲೆಕ್ಕ ತಾಳೆ ನೋಡುವ ಅವಕಾಶ ಅವರಿಗೆ ಸಿಕ್ಕಿಯೇ ಇರಲಿಲ್ಲ. ಅಧಿಕಾರ ಕೊಡದೆ ಕೌಶಲವನ್ನಷ್ಟೇ ಕೊಡುವುದು ಕಲಿತವರಿಗೆ ಮಾಡುವ ಅನ್ಯಾಯವೆಂದು ಅಂದಿನಿಂದ ನಂಬಿದ್ದೇನೆ.

ಆಮೇಲೆ ನಾನು ಕೊರತೆಗಳ ಪಟ್ಟಿಯನ್ನು ಬದಿಗಿಟ್ಟು, ಯಾರಿಗೆ ಏನು ಬರುತ್ತದೆ ಎಂಬುದನ್ನು ಮೊದಲು ಕೇಳತೊಡಗಿದೆ. ಹೊಲಿಗೆಯ ಲೆಕ್ಕವನ್ನು ವರ್ಷಗಳಿಂದ ಅಚ್ಚುಕಟ್ಟಾಗಿ ಬರೆದಿಟ್ಟಿದ್ದ ಸದಸ್ಯೆಯೊಬ್ಬರು ಅದೇ ಸಂಘದಲ್ಲಿದ್ದರು. ಸಭೆಯಲ್ಲಿ ಮಾತನಾಡದ ಕಾರಣಕ್ಕೆ ಅವರನ್ನು ಯಾರೂ ಕೇಳಿರಲಿಲ್ಲ. ಅವರನ್ನೂ ಖಜಾಂಚಿಯನ್ನೂ ಜೋಡಿಯಾಗಿ ಕೂರಿಸಿ, ಮೊದಲ ತಿಂಗಳು ನಾನು ಬರೆದು ತೋರಿಸಿದೆ, ಎರಡನೆಯ ತಿಂಗಳು ಅವರು ಬರೆಯುವಾಗ ಪಕ್ಕದಲ್ಲಿದ್ದೆ, ಮೂರನೆಯ ತಿಂಗಳು ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಮೊತ್ತವನ್ನು ಮಾತ್ರ ಪರಿಶೀಲಿಸಿದೆ. ವೋಚರ್ ಬರೆಯುವುದರಿಂದ ಬ್ಯಾಂಕ್ ತಾಳೆಯವರೆಗಿನ ಕ್ರಮವನ್ನು ಅವರೇ ತಮ್ಮ ಮಾತಿನಲ್ಲಿ ಒಂದು ಪುಟದಲ್ಲಿ ಬರೆದು ಕಡತಕ್ಕೆ ಸೇರಿಸಿದರು. ಪಾಸ್‌ಬುಕ್ ಖಜಾಂಚಿಯ ಬಳಿ ಇರಬೇಕೆಂದು ಸಂಘ ಠರಾವು ಮಾಡಿತು. ಅದಕ್ಕೆ ಮೂರು ಸಭೆಗಳು ಬೇಕಾದವು.

ಇದು ನಿಧಾನದ ಕೆಲಸ. ಎರಡು ದಿನಗಳ ಶಿಬಿರಕ್ಕೆ ಸುಲಭವಾಗಿ ಒಪ್ಪುವ ಧನಸಹಾಯ ಸಂಸ್ಥೆಗಳಿಗೆ ಮೂರು ತಿಂಗಳ ಒಡನಾಟದ ವೆಚ್ಚವನ್ನು ವಿವರಿಸಿ ಒಪ್ಪಿಸಬೇಕಾಗುತ್ತದೆ. ಆದರೆ ಆ ಖಜಾಂಚಿ ಬದಲಾದಾಗ ಹೊಸಬರಿಗೆ ಕೆಲಸ ಹೇಳಿಕೊಟ್ಟವರು ಆ ಸದಸ್ಯೆಯೇ, ಅದೂ ಆ ಒಂದು ಪುಟವನ್ನು ಮುಂದಿಟ್ಟುಕೊಂಡು. ನನಗೆ ವಿಷಯ ತಿಳಿದದ್ದು ತಿಂಗಳಾದ ಮೇಲೆ.

ನಿಧಿ ಸಂಗ್ರಹಣೆಯಲ್ಲಿ ಮಾತ್ರ ಈ ಕ್ರಮ ಇನ್ನೂ ಕೈಗೂಡಿಲ್ಲ. ದಾನಿಗಳ ಸಂಪರ್ಕ ಈಗಲೂ ಕಾರ್ಯದರ್ಶಿಯೊಬ್ಬರ ಫೋನಿನಲ್ಲೇ ಇದೆ. ಮುಂದಿನ ಭೇಟಿಗೆ ಅವರೊಂದಿಗೆ ಇನ್ನೊಬ್ಬ ಸದಸ್ಯರನ್ನು ಕಳುಹಿಸಲು ಸಂಘವನ್ನು ಒಪ್ಪಿಸಿದ್ದೇನೆ.