ಹಳೆಯ ಕಾರಿನ ಹೆಡ್‌ಲೈಟ್ ಮಂಕಾದರೆ ಮೊದಲು ಅರ್ಥ್ ನೋಡಿ

ಹಳೆಯ ಕಾರಿನ ಹೆಡ್‌ಲೈಟ್ ಮಂಕಾಗಿ ಉರಿಯುತ್ತಿದ್ದರೆ, ಕೂಡಲೇ ಹೊಸ ಬಲ್ಬ್ ಕೊಳ್ಳುವ ಬದಲು ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬ್ಯಾಟರಿಯ ವೋಲ್ಟೇಜನ್ನೂ ಬಲ್ಬಿನ ಹಿಂಬದಿಯ ಕನೆಕ್ಟರಿನ ವೋಲ್ಟೇಜನ್ನೂ ಮಲ್ಟಿಮೀಟರಿನಿಂದ ಅಳೆದು ಹೋಲಿಸಿರಿ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಬಲ್ಬಿನಲ್ಲಿ 12ಕ್ಕಿಂತ ಕಡಿಮೆ ಬಂದರೆ ದೋಷವಿರುವುದು ವೈರಿಂಗ್‌ನಲ್ಲಿ ಅಥವಾ ಸ್ವಿಚ್ಚಿನಲ್ಲಿ. ನನ್ನ ಕಾರಿನಲ್ಲಿ ಅರ್ಥ್ ವೈರಿನ (ಬಲ್ಬಿನ ಕರೆಂಟನ್ನು ಕಾರಿನ ಲೋಹದ ಬಾಡಿಗೆ ಮರಳಿಸುವ ವೈರ್) ಬೋಲ್ಟಿನಡಿ ತುಕ್ಕು ಹಿಡಿದು, ತಾಮ್ರದ ತುದಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಟ್ಟು, ಲೋಹ ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಿ ಮತ್ತೆ ಬಿಗಿದಾಗ ಬೆಳಕು ಮೊದಲಿನಂತಾಯಿತು. ಕನೆಕ್ಟರ್ ಕರಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸಲೇಬೇಕು. 60/55 ವ್ಯಾಟಿನ (ಹೈ ಬೀಮ್/ಲೋ ಬೀಮ್) ಬಲ್ಬಿನ ಜಾಗಕ್ಕೆ 100/90 ವ್ಯಾಟಿನದನ್ನು ದಯವಿಟ್ಟು ಹಾಕಬೇಡಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸಾಧನ) ಇಲ್ಲದ ಕಾರಿನಲ್ಲಿ ಆ ಕರೆಂಟೆಲ್ಲ ಸ್ವಿಚ್ಚಿನ ಮೂಲಕವೇ ಹರಿಯುವುದರಿಂದ ಸ್ವಿಚ್ಚೇ ಸುಟ್ಟುಹೋಗಬಹುದು.