ನಲವತ್ತು ಸಾಲುಗಳನ್ನು ಕೂಡಿಸಿ ನಾನು ಮಾಡಿಕೊಂಡ ಎಡವಟ್ಟು

ನಾನು ನೋಡಿಕೊಳ್ಳುತ್ತಿದ್ದ ಡೇಟಾಬೇಸ್ ಸರ್ವರಿನಲ್ಲಿ 8 ಜಿಬಿ ರ‍್ಯಾಮ್, 4 ಕೋರ್, ಲಿನಕ್ಸ್ ಮತ್ತು ಅದರ ಮೇಲೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಇದ್ದವು. ಪೋಸ್ಟ್‌ಗ್ರೆಸ್ ಪ್ರತಿಯೊಂದು ಕನೆಕ್ಷನ್ನಿಗೂ ಪ್ರತ್ಯೇಕ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಹುಟ್ಟಿಸುವುದರಿಂದ, ಅವುಗಳ ಪಟ್ಟಿ ತೋರಿಸುವ ಟಾಪ್ ಕಮಾಂಡ್ ಕೊಟ್ಟಾಗ ಒಂದೇ ಹೆಸರಿನ ಸುಮಾರು 40 ಸಾಲುಗಳು ಕಾಣುತ್ತಿದ್ದವು. ಒಂದು ಸಂಜೆ ಸರ್ವರ್ ನಿಧಾನವಾಗಿದೆಯೆಂದು ದೂರು ಬಂದಾಗ, ಶಿಫ್ಟ್ ಜೊತೆ ಎಂ ಒತ್ತಿ ಸಾಲುಗಳನ್ನು ಮೆಮೊರಿಯ ಪ್ರಕಾರ ಜೋಡಿಸಿ ನೋಡಿದೆ. ಆರ್‌ಇಎಸ್ ಎಂಬ, ಪ್ರೋಸೆಸ್ ಹಿಡಿದಿರುವ ರ‍್ಯಾಮ್ ತೋರಿಸುವ ಕಾಲಮ್ಮಿನಲ್ಲಿ ಹೆಚ್ಚುಕಡಿಮೆ ಎಲ್ಲ ಸಾಲುಗಳಲ್ಲೂ 1.6 ಜಿಬಿ ಇತ್ತು. ಬೆಳಿಗ್ಗೆ ಇವೇ ಪ್ರೋಸೆಸ್‌ಗಳು ಕೆಲವೇ ಎಂಬಿಯಷ್ಟಿದ್ದುದನ್ನು ನೋಡಿದ್ದ ನಾನು ಮೆಮೊರಿ ಸೋರುತ್ತಿದೆಯೆಂದೇ ನಂಬಿ, ಹೆಚ್ಚುವರಿ ರ‍್ಯಾಮ್ ಕೇಳಿ ಪತ್ರವನ್ನೂ ಬರೆದಿಟ್ಟೆ.

ಪತ್ರಕ್ಕೆ ಅಂಕಿಗಳು ಬೇಕೆಂದು ಕೂಡಿಸಿದಾಗ ಮೊತ್ತ 64 ಜಿಬಿ ಆಯಿತು. 8 ಜಿಬಿಯ ಯಂತ್ರದಲ್ಲಿ, ಅದೂ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಮುಟ್ಟದೆ, ಇದು ಹೇಗೆ ಸಾಧ್ಯ? ಉತ್ತರ ಪಕ್ಕದ ಎಸ್‌ಎಚ್‌ಆರ್ ಕಾಲಮ್ಮಿನಲ್ಲಿಯೇ ಇತ್ತು: ಆ 1.6 ಜಿಬಿಯಲ್ಲಿ ಬಹುಪಾಲು ಹಂಚಿಕೊಂಡ ಮೆಮೊರಿ. ಶೇರ್ಡ್ ಬಫರ್ಸ್ ಎಂದು ನಾನೇ ಕಾನ್ಫಿಗರೇಶನ್ನಿನಲ್ಲಿ ಕೊಟ್ಟಿದ್ದ 2 ಜಿಬಿಯ ಜಾಗ ಒಂದೇ ಆಗಿದ್ದು, ಪ್ರತಿ ಪ್ರೋಸೆಸ್ಸೂ ತಾನು ಮುಟ್ಟಿದಷ್ಟನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ವಠಾರದ ಪ್ರತಿ ಮನೆಯವರೂ ನಡುವಿನ ಬಾವಿಯನ್ನು ತಮ್ಮದೆಂದು ಹೇಳಿದರೆ ಅದು ಸುಳ್ಳಲ್ಲ, ಆದರೆ ಬಾವಿಗಳನ್ನು ಎಣಿಸಲು ಹೊರಟವನು ಮೋಸಹೋಗುತ್ತಾನೆ. ಬೆಳಿಗ್ಗೆಯಿಂದ ಸಂಜೆಗೆ ಅಂಕಿ ಏರಿದ್ದೂ ಸೋರಿಕೆಯಿಂದಲ್ಲ. ಪ್ರೋಸೆಸ್ ಕ್ವೆರಿಗಳನ್ನು (ಡೇಟಾ ಕೇಳುವ ಪ್ರಶ್ನೆಗಳನ್ನು) ನಡೆಸುತ್ತಾ ಆ ಜಾಗದ ಹೆಚ್ಚು ಹೆಚ್ಚು ಪುಟಗಳನ್ನು, ಅಂದರೆ ಮೆಮೊರಿಯ ಸಣ್ಣ ತುಂಡುಗಳನ್ನು, ಮುಟ್ಟಿತ್ತು, ಅಷ್ಟೆ.

ನಿಜವಾದ ಲೆಕ್ಕಕ್ಕೆ ಪಿಎಸ್‌ಎಸ್ ಎಂಬ ಅಳತೆ ಬೇಕು. ಇದರಲ್ಲಿ ಹಂಚಿಕೊಂಡ ಪುಟದ ಗಾತ್ರವನ್ನು ಅದನ್ನು ಬಳಸುವ ಪ್ರೋಸೆಸ್‌ಗಳ ಸಂಖ್ಯೆಯಿಂದ ಭಾಗಿಸಲಾಗುತ್ತದೆ. 40 ಪ್ರೋಸೆಸ್‌ಗಳು ಹಂಚಿಕೊಂಡ 4 ಕೆಬಿಯ ಪುಟದಿಂದ ಪ್ರತಿಯೊಂದಕ್ಕೂ ಬರುವುದು ಸುಮಾರು 102 ಬೈಟ್ ಮಾತ್ರ. ಲಿನಕ್ಸ್ 4.14ರಿಂದ ಈಚೆಗೆ, ಪ್ರಾಕ್ ಡೈರೆಕ್ಟರಿಯಲ್ಲಿ ಪ್ರತಿ ಪ್ರೋಸೆಸ್ಸಿನ ಸಂಖ್ಯೆಯ ಕೆಳಗಿರುವ ಸ್ಮ್ಯಾಪ್ಸ್ ರೋಲಪ್ ಎಂಬ ಫೈಲಿನಲ್ಲಿ ಇದರ ಒಟ್ಟು ಅಂಕಿ ಸಿಗುತ್ತದೆ. ರೂಟ್ ಆಗಿ ಓದಿ ನೋಡಿದರೆ ಒಂದೊಂದೂ ಸುಮಾರು 60 ಎಂಬಿ. ಎಲ್ಲ ಸೇರಿ 2.4 ಜಿಬಿ. ಎಲ್ಲ ಪುಟಗಳನ್ನೂ ಲಿನಕ್ಸಿನ ತಿರುಳಾದ ಕರ್ನಲ್ ಎಣಿಸಬೇಕಾಗುವುದರಿಂದ ಇದನ್ನು ಕ್ಷಣಕ್ಷಣವೂ ಓದುವುದು ದುಬಾರಿ, ಬೇಕೆಂದಾಗ ಮಾತ್ರ ಓದುವುದು ಲೇಸು.

ಇಷ್ಟಾದರೂ ಪಿಎಸ್‌ಎಸ್ ಹೇಳದ ಖರ್ಚೊಂದಿದೆ. ಜಾಗ ಹಂಚಿಕೊಂಡರೂ ಅದನ್ನು ತಲುಪುವ ಪೇಜ್ ಟೇಬಲ್ ಎಂಬ ವಿಳಾಸಪಟ್ಟಿ ಪ್ರತಿ ಪ್ರೋಸೆಸ್ಸಿಗೂ ಬೇರೆಬೇರೆ. 2 ಜಿಬಿಯನ್ನು 4 ಕೆಬಿಯ ಪುಟಗಳಾಗಿ ನೋಡಿದರೆ 5,24,288 ನಮೂದುಗಳು, ತಲಾ 8 ಬೈಟಿನಂತೆ 4 ಎಂಬಿ. 40 ಪ್ರೋಸೆಸ್‌ಗಳು ಪೂರ್ತಿ ಜಾಗವನ್ನು ಮುಟ್ಟಿದರೆ 160 ಎಂಬಿ. ಮುಂದೆ 4 ಕೆಬಿಗಿಂತ ಬಹಳ ದೊಡ್ಡ ಪುಟಗಳಾದ ಹ್ಯೂಜ್ ಪೇಜಸ್ ಅಳವಡಿಸಿ ಇದನ್ನು ತಗ್ಗಿಸಿದಾಗ ಆರ್‌ಇಎಸ್ ಥಟ್ಟನೆ ಕುಸಿಯಿತು, ಏಕೆಂದರೆ ಆ ದೊಡ್ಡ ಪುಟಗಳು ಆರ್‌ಇಎಸ್ ಲೆಕ್ಕಕ್ಕೇ ಬರುವುದಿಲ್ಲ.

ಅಂದಿನ ನಿಧಾನಕ್ಕೆ ಕಾರಣ ಸಿಪಿಯು ಕಾಲಮ್ಮಿನಲ್ಲಿತ್ತು. ಮೇಲಿನ ಸಾರಾಂಶದ ಸಾಲಿನಲ್ಲಿ ಶೇ. 25 ಮಾತ್ರ ಕಂಡದ್ದರಿಂದ ನಾನು ಅದನ್ನು ಕಡೆಗಣಿಸಿದ್ದೆ. ಕೆಳಗೆ ಒಂದು ಪ್ರೋಸೆಸ್ ಮಾತ್ರ ಶೇ. 100 ತೋರಿಸುತ್ತಿತ್ತು, ಅಂದರೆ ನಾಲ್ಕರಲ್ಲಿ ಒಂದು ಕೋರ್ ಪೂರ್ತಿ ಅದರದ್ದೇ. ಸಿ ಒತ್ತಿ ಪೂರ್ಣ ಹೆಸರು ತೆರೆದಾಗ ಅದು ಮಾಸಿಕ ವರದಿಯ ಕನೆಕ್ಷನ್ ಎಂದು ತಿಳಿಯಿತು. ಆ ಕ್ವೆರಿಗೆ ಇಂಡೆಕ್ಸ್ (ಬೇಕಾದ ಡೇಟಾವನ್ನು ಬೇಗ ಹುಡುಕಿಕೊಡುವ ಸೂಚಿ) ಇರಲಿಲ್ಲ. ಇಂಡೆಕ್ಸ್ ಮಾಡಿದೆ, ರ‍್ಯಾಮ್ ಪತ್ರವನ್ನು ಕಳುಹಿಸಲಿಲ್ಲ.