ಮೊದಲ ಆರ್‌ಸಿ ವಿಮಾನ: ಜೋಡಿಸುವಾಗಲೇ ಅರ್ಧ ಹಾರಾಟ

ಆರ್‌ಸಿ, ಅಂದರೆ ರಿಮೋಟಿನಿಂದ ಹಾರಿಸುವ ಆಟದ ವಿಮಾನ ಹೊಸದಾಗಿ ಶುರು ಮಾಡುವವರು ಫೈಟರ್ ಜೆಟ್ ತರದ್ದು ಕೊಳ್ಳಬೇಡಿ. ರೆಕ್ಕೆ ಬಾಡಿಯ ಮೇಲ್ಗಡೆ ಕೂರುವ ಟ್ರೈನರ್ ಕಿಟ್ ತಗೊಳ್ಳಿ. ಅದು ನಿಧಾನಕ್ಕೆ ಹಾರುತ್ತದೆ, ಸ್ಟಿಕ್ ಬಿಟ್ಟರೆ ತಾನೇ ನೇರವಾಗಲು ನೋಡುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ತುದಿಯಿಂದ ತುದಿಗೆ 120 ಸೆಂ.ಮೀ. ರೆಕ್ಕೆಯ, ನಾಲ್ಕು ಚಾನೆಲ್‌ನ (ರಿಮೋಟಿನಿಂದ ನಾಲ್ಕು ಹಿಡಿತ ಬೇರೆಬೇರೆಯಾಗಿ ಆಡಿಸುವ) ಥರ್ಮೋಕೋಲ್ ವಿಮಾನದ ಲೆಕ್ಕ. ಇದಕ್ಕೆ 2212 ಸೈಜಿನ 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಬ್ರಷ್‌ಲೆಸ್ ಮೋಟಾರ್, 30 ಆಂಪ್ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಬೋರ್ಡು), 9 ಗ್ರಾಂನ ನಾಲ್ಕು ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್), 2200 ಎಂಎಎಚ್‌ನ ಮೂರು ಸೆಲ್ ಲಿಪೋ ಬ್ಯಾಟರಿ ಸಾಕು.

ಅಂಟಿನ ವಿಷಯ ಮೊದಲು. ಥರ್ಮೋಕೋಲ್‌ಗೆ ಫೆವಿಕ್ವಿಕ್ ತಾಗಿಸಲೇಬೇಡಿ, ಹನಿ ಬಿದ್ದ ಜಾಗ ಕರಗಿ ಗುಳಿ ಬೀಳುತ್ತದೆ. ಎಪಾಕ್ಸಿ ಬಳಸಿ, ಇಲ್ಲವೇ ಥರ್ಮೋಕೋಲ್‌ಗೆಂದೇ ಬರುವ ಅಂಟು ತನ್ನಿ. ಮೋಟಾರ್ ಕೂರುವ ಪ್ಲೈವುಡ್‌ಗಂತೂ ಎಪಾಕ್ಸಿಯೇ ಬೇಕು. ಬಾಲ ಅಂಟಿಸುವಾಗ ಎರಡೂ ರೆಕ್ಕೆಯ ತುದಿಯಿಂದ ಬಾಲದ ತುದಿಗೆ ದಾರ ಹಿಡಿದು ಅಳೆಯಿರಿ. ಎರಡೂ ಕಡೆ ಒಂದೇ ಅಳತೆ ಬರಬೇಕು. ಇಲ್ಲಿ ಸೊಟ್ಟ ಕೂತರೆ ಗಾಳಿಯಲ್ಲಿ ಒಂದೇ ಕಡೆಗೆ ಎಳೆಯುತ್ತಲೇ ಇರುತ್ತದೆ.

ಸರ್ವೋಗೆ ಹಾರ್ನ್ (ಅದರ ಪುಟ್ಟ ತೋಳು) ಹಾಕುವ ಮುಂಚೆ ಸರ್ವೋವನ್ನು ವಿಮಾನದೊಳಗಿನ ರಿಸೀವರ್‌ಗೆ ಸಿಕ್ಕಿಸಿ, ರಿಮೋಟ್ ಆನ್ ಮಾಡಿ, ಟ್ರಿಮ್‌ಗಳನ್ನೆಲ್ಲ (ಸ್ಟಿಕ್ ಪಕ್ಕದ ಸಣ್ಣ ಹೊಂದಾಣಿಕೆ ಗುಂಡಿಗಳು) ನಡುವೆ ಇಡಿ. ಆಮೇಲೆ ಹಾರ್ನ್ ಸಿಕ್ಕಿಸಿ. ಮೋಟಾರ್ ಉಲ್ಟಾ ತಿರುಗಿದರೆ ಅದರ ಮೂರು ವೈರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಆಯ್ತು. ಈ ಕೆಲಸ ಮುಗಿಯುವ ತನಕ ಪ್ರೊಪೆಲ್ಲರ್ ಹಾಕಬೇಡಿ, ದಯವಿಟ್ಟು. ಇಷ್ಟು ಚಿಕ್ಕ ಮೋಟಾರ್ ಏನು ಮಾಡುತ್ತೆ ಅನ್ನಿಸಬಹುದು, ಆದರೆ ಬೆರಳಿಗೆ ತಾಗಿದರೆ ಹೊಲಿಗೆ ಹಾಕಿಸಬೇಕಾಗುತ್ತದೆ. ಕೊನೆಗೆ ಹಾಕುವಾಗ ಅಕ್ಷರ ಬರೆದಿರುವ ಬದಿ ಮುಂದಕ್ಕಿರಲಿ.

ಈಗ ವಿಮಾನದ ಹಿಂದೆ ನಿಂತು ನೋಡಿ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಗಡೆಯ ಏಲೆರಾನ್ (ರೆಕ್ಕೆಯ ಹಿಂದಂಚಿನ ಆಡುವ ಪಟ್ಟಿ) ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಎಲಿವೇಟರ್ ಸ್ಟಿಕ್ ನಿಮ್ಮ ಕಡೆಗೆ ಎಳೆದರೆ ಎಲಿವೇಟರ್ (ಬಾಲದ ಅಡ್ಡ ರೆಕ್ಕೆಯ ಆಡುವ ಪಟ್ಟಿ) ಮೇಲೇಳಬೇಕು. ಏಲೆರಾನ್ ಉಲ್ಟಾ ಇದ್ದರೆ ಕೈಯಿಂದ ಬಿಟ್ಟ ಎರಡು ಸೆಕೆಂಡಿನಲ್ಲಿ ವಿಮಾನ ನೆಲದಲ್ಲಿರುತ್ತದೆ. ಸರಿ ಮಾಡುವುದಕ್ಕೆ ರಿಮೋಟಿನಲ್ಲೇ ರಿವರ್ಸ್ ಇದೆ. ಆಮೇಲೆ ಯಾರಾದರೂ ವಿಮಾನ ಗಟ್ಟಿಯಾಗಿ ಹಿಡಿದುಕೊಂಡಿರಲಿ, ಮೋಟಾರ್ ನಿಧಾನಕ್ಕೆ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ತಪ್ಪಿದರೆ ಮೋಟಾರ್ ತಾನೇ ನಿಲ್ಲುವ ಏರ್ಪಾಡು) ಸೆಟ್ ಮಾಡದೆ ಮೈದಾನಕ್ಕೆ ಹೋಗಬೇಡಿ.

ಇಷ್ಟರಲ್ಲಿ ಎಲ್ಲಕ್ಕಿಂತ ಮುಖ್ಯ ತೂಕ ಎಲ್ಲಿ ಕೂತಿದೆ ಅನ್ನುವುದು. ಇದಕ್ಕೆ ಸಿಜಿ ಅನ್ನುತ್ತೇವೆ. ಕಿಟ್‌ನ ಹಾಳೆಯಲ್ಲಿ ಬರೆದಿರುತ್ತದೆ. ಇಲ್ಲದಿದ್ದರೆ ರೆಕ್ಕೆಯ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಇಟ್ಟುಕೊಳ್ಳಿ. ಅಗಲ 20 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5ರಿಂದ 6.5 ಸೆಂ.ಮೀ. ಹಿಂದೆ. ಎರಡೂ ಕಡೆ ಪೆನ್ನಲ್ಲಿ ಗುರುತು ಮಾಡಿ, ಬ್ಯಾಟರಿ ಸಮೇತ ಎರಡು ತೋರುಬೆರಳ ಮೇಲೆ ಎತ್ತಿ ನೋಡಿ. ಮೂಗು ಚೂರು ಬಾಗಿದರೆ ಒಳ್ಳೆಯದೇ. ಬಾಲ ಇಳಿದರೆ ಬ್ಯಾಟರಿ ಮುಂದಕ್ಕೆ ಸರಿಸಿ, ಸಾಲದಿದ್ದರೆ ಮೂಗಿನಲ್ಲಿ ತೂಕ ಇಡಿ. ಬಾಲ ಭಾರದ ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು ಮಗುಚುತ್ತದೆ. ಪಳಗಿದ ಕೈಗೂ ಅದನ್ನು ಹಿಡಿದಿಡುವುದು ಕಷ್ಟ.

ಜಾಗ ಹುಡುಕುವಾಗ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ಅದು ಹಸಿರು ವಲಯವಾ (ಮೊದಲೇ ಅನುಮತಿ ಕೇಳಬೇಕಿಲ್ಲದ ಜಾಗವಾ) ನೋಡಿ. 2021ರ ಡ್ರೋನ್ ನಿಯಮಗಳು ನಮ್ಮ ಆಟದ ವಿಮಾನಕ್ಕೂ ಸೇರುತ್ತವೆ. ಬೆಂಗಳೂರಿನವರು ಇನ್ನೂ ಹುಷಾರಾಗಿರಬೇಕು. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ವಿಮಾನ ನೆಲೆಗಳೆಲ್ಲ ಇಲ್ಲೇ ಇವೆ ಅಲ್ವಾ, ಹತ್ತಿರದ ಮೈದಾನ ಅಂತ ಸುಮ್ನೆ ಹಾರಿಸಿಬಿಡಬೇಡಿ. ಊರಾಚೆ ಕೊಯ್ಲಾದ ರಾಗಿ ಹೊಲ ಸಿಕ್ಕಿದರೆ, ಹೊಲದವರನ್ನು ಕೇಳಿಕೊಂಡು ಅಲ್ಲಿ ಹಾರಿಸಿ. ಬಿದ್ದರೂ ಪೆಟ್ಟು ಕಡಿಮೆ.

ಬೆಳಗ್ಗೆ ಬೇಗ ಹೋಗಿ, ಆಗ ಗಾಳಿ ಕಡಿಮೆ ಇರುತ್ತದೆ. ಚೂರು ಒಣಹುಲ್ಲು ಮೇಲಿಂದ ಬಿಟ್ಟರೆ ಗಾಳಿ ಯಾವ ಕಡೆಯಿಂದ ಅಂತ ಗೊತ್ತಾಗುತ್ತದೆ. ರಿಮೋಟ್ ಮೊದಲು ಆನ್, ಬ್ಯಾಟರಿ ಆಮೇಲೆ. ಗಾಳಿಗೆ ಎದುರಾಗಿ ನಿಂತು, ಮುಕ್ಕಾಲಿಗಿಂತ ಜಾಸ್ತಿ ಥ್ರಾಟಲ್ (ಮೋಟಾರ್ ವೇಗ) ಕೊಟ್ಟು, ರೆಕ್ಕೆ ಮಟ್ಟವಾಗಿಟ್ಟು ನೇರಕ್ಕೆ ಎಸೆಯಿರಿ. ಮೇಲಕ್ಕೆ ಎಸೆದರೆ ವೇಗ ಸಿಗುವ ಮೊದಲೇ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಎಸೆಯಲು ಜೊತೆಗೊಬ್ಬರು ಇದ್ದರೆ ನಿಮ್ಮ ಎರಡೂ ಕೈ ಸ್ಟಿಕ್ ಮೇಲೇ ಇರುತ್ತವೆ.

ಮೊದಲು 40 ಮೀಟರಿನಷ್ಟು ಎತ್ತರಕ್ಕೆ ಹೋಗಿ, ಅರ್ಧ ಥ್ರಾಟಲ್‌ಗೆ ಇಳಿಸಿ, ಸ್ಟಿಕ್ ಬಿಟ್ಟರೂ ನೇರ ಹಾರುವಂತೆ ಟ್ರಿಮ್ ಮಾಡಿಕೊಳ್ಳಿ. ತಪ್ಪಿದರೆ ಸರಿಮಾಡಿಕೊಳ್ಳಲು ಆ ಎತ್ತರ ಬೇಕು. ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ತಿರುಗುಮುರುಗಾಗಿ ಕಾಣುತ್ತದೆ, ಹೊಸಬರು ಗಾಬರಿಯಾಗುವುದು ಇಲ್ಲೇ. ಯಾವ ರೆಕ್ಕೆ ಇಳಿಯುತ್ತಿದೆಯೋ ನಿಮಗೆ ಕಾಣುವ ಆ ಬದಿಗೇ ಸ್ಟಿಕ್ ತಳ್ಳಿ, ನೇರವಾಗುತ್ತದೆ. ಇದನ್ನು ಮನೆಯಲ್ಲಿ ಸಿಮ್ಯುಲೇಟರ್‌ನಲ್ಲಿ ಚೆನ್ನಾಗಿ ರೂಢಿ ಮಾಡಿಕೊಂಡೇ ಹೋಗಿ.

ಇಳಿಸುವುದೂ ಗಾಳಿಗೆ ಎದುರಾಗೇ. ದೂರದಿಂದಲೇ ಥ್ರಾಟಲ್ ಇಳಿಸುತ್ತಾ ಬನ್ನಿ, ಎಲಿವೇಟರ್ ಎಳೆದು ತೇಲಿಸಲು ಹೋಗಬೇಡಿ, ನೆಲ ಒಂದಡಿ ಇರುವಾಗ ಮಾತ್ರ ಚೂರು ಎಳೆಯಿರಿ. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಬೇಡಿ, ಸೆಲ್‌ಗೆ 3.5 ವೋಲ್ಟ್ ಆಗುವ ಮೊದಲೇ ಇಳಿಸಿಬಿಡಿ. ಇಳಿದ ಮೇಲೆ ಬ್ಯಾಟರಿ ಮೊದಲು ಕಳಚಿ, ರಿಮೋಟ್ ಕೊನೆಗೆ ಆಫ್ ಮಾಡಿ. ಮುಂದಿನ ವಾರದ ತನಕ ಹಾರಿಸುವುದಿಲ್ಲ ಅಂದರೆ ಸೆಲ್‌ಗೆ 3.8 ವೋಲ್ಟ್ ಇಟ್ಟು ಎತ್ತಿಡಿ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ.